ಗುಜರಾತ್ ಲಯನ್ಸ್: ಎರಡು ವರ್ಷದ ತಂಡವೊಂದರ ಏಳುಬೀಳು

ಗುಜರಾತು ಒಂದೇ ರಾಜ್ಯವಾದರೂ ರಣಜಿ ಪಂದ್ಯಾವಳಿಯಲ್ಲಿ ಅದರ ತಂಡಗಳು ಮೂರು: ಗುಜರಾತ್, ಬರೋಡ ಮತ್ತು ಸೌರಾಷ್ಟ್ರ. ಹಳೆಯ ಸಂಸ್ಥಾನಗಳ ಗಡಿಗಳು ರಾಜಕೀಯ ಭೂಪಟದಿಂದ ಅಳಿಸಿಹೋದರೂ ಕ್ರಿಕೆಟ್ಟಿನ ಭೂಪಟದಲ್ಲಿ ಇನ್ನೂ ಉಳಿದುಕೊಂಡಿವೆ. ಈ ಮೂರು ಪ್ರದೇಶಗಳಿಗೂ ಸಮಾನವಾದ ಹೆಸರನ್ನು ಹೊತ್ತು 2016ರಲ್ಲಿ ಕಣಕ್ಕಿಳಿದು, 2017ರಲ್ಲಿಯೇ ಮರೆಯಾದ ತಂಡ ಗುಜರಾತ್ ಲಯನ್ಸ್. ಅದರ ಚರಿತ್ರೆಯು ಆಟದ ಚರಿತ್ರೆ ಎಂಬುದಕ್ಕಿಂತ ಒಂದು ಕರಾರುಪತ್ರದ ಚರಿತ್ರೆಯೆನ್ನುವುದೇ ಹೆಚ್ಚು ಸರಿ.

ಐಪಿಎಲ್ ಪಂದ್ಯಾವಳಿಯ ಬೆಟ್ಟಿಂಗ್ ಪ್ರಕರಣದ ಸಂಬಂಧದಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿಯು 2015ರ ಜುಲೈ ತಿಂಗಳಲ್ಲಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳ ಒಡೆಯರನ್ನು ಎರಡು ವರ್ಷ ಅಮಾನತಿನಲ್ಲಿರಿಸಿತು. ತೆರವಾದ ಎರಡು ಸ್ಥಾನಗಳನ್ನು ಆ ಅವಧಿಯ ಮಟ್ಟಿಗೆ ತುಂಬಲು ಕ್ರಿಕೆಟ್ ಮಂಡಳಿಯು ಅದೇ ವರ್ಷ ಡಿಸೆಂಬರ್ 8ರಂದು ಹರಾಜು ನಡೆಸಿತು. ಅದರ ರೀತಿ ವಿಲಕ್ಷಣವಾದುದು. ಸಾಮಾನ್ಯ ಹರಾಜಿನಲ್ಲಿ ಬೆಲೆ ಏರುತ್ತದೆ; ಇಲ್ಲಿ ಅದು ಇಳಿಯಬೇಕಾಗಿತ್ತು. ತಂಡವನ್ನು ನಡೆಸುವುದಕ್ಕೆ ಮಂಡಳಿಯಿಂದ ವರ್ಷಕ್ಕೆ ಗರಿಷ್ಠ 40 ಕೋಟಿ ರೂಪಾಯಿ ಕೇಳಬಹುದಾಗಿದ್ದು, ಎಲ್ಲರಿಗಿಂತ ಕಡಿಮೆ ಕೇಳಿದವರಿಗೆ ತಂಡ ಸಲ್ಲುವುದೆಂಬುದು ನಿಯಮ. ಆದರೆ ಬಿಡ್ಡುದಾರರ ಉತ್ಸಾಹದಲ್ಲಿ ಬೆಲೆಯು ಸೊನ್ನೆಯನ್ನೂ ದಾಟಿ ಕೆಳಗಿಳಿಯಿತು. ಮೊಬೈಲ್ ಫೋನುಗಳನ್ನು ಮಾರುತ್ತಿದ್ದ ಇಂಟೆಕ್ಸ್ ಕಂಪೆನಿಯು ರಾಜಕೋಟೆಯ ತಂಡಕ್ಕಾಗಿ ಏನನ್ನೂ ಕೇಳದೆ, ತಾನೇ ವರ್ಷಕ್ಕೆ 10 ಕೋಟಿ ಕೊಡುವುದಾಗಿ ಒಪ್ಪಿತು. ಪುಣೆಯ ತಂಡಕ್ಕೆ 16 ಕೋಟಿಯ ಮಾತಾಯಿತು. ಇತರ ತಂಡಗಳಿಗೆ ದೊರೆಯುವ ಪ್ರಸಾರಹಕ್ಕಿನ ಪಾಲು ಈ ಎರಡಕ್ಕೆ ಇರಲಿಲ್ಲ. ಅಂದಮೇಲೆ ಇಂಟೆಕ್ಸ್ ಕೊಂಡದ್ದು ಆಸ್ತಿಯನ್ನಲ್ಲ. ಎರಡು ವರ್ಷದ ಪ್ರಸಿದ್ಧಿಯನ್ನು.

ಆಟಗಾರರ ಹಂಚಿಕೆಯಲ್ಲಿ ಈ ತಂಡವು ಸುರೇಶ್ ರೈನಾ, ರವೀಂದ್ರ ಜಡೇಜಾ, ಬ್ರೆಂಡನ್ ಮೆಕಲಮ್, ಜೇಮ್ಸ್ ಫಾಕ್ನರ್ ಮತ್ತು ಡ್ವೇನ್ ಬ್ರಾವೊ ಅವರನ್ನು ಆರಿಸಿಕೊಂಡಿತು. ಈ ಐವರಲ್ಲಿ ಗುಜರಾತಿನವರು ಜಾಮ್‌ನಗರದ ಜಡೇಜಾ ಒಬ್ಬರೇ. ತವರಿನ ಪಂದ್ಯಗಳು ರಾಜಕೋಟೆಯಲ್ಲಿಯೂ ಕಾನ್ಪುರದಲ್ಲಿಯೂ ನಡೆದವು. ಮೊಟೇರಾದ ಹಳೆಯ ಕ್ರೀಡಾಂಗಣವು ಆಗ ಪುನರ್ನಿರ್ಮಾಣಕ್ಕಾಗಿ ಕೆಡವಲ್ಪಟ್ಟಿತ್ತು. ಹೀಗಾಗಿ ನರೋಡಾದ ಕಾರ್ಖಾನೆಗಳಲ್ಲಿ ದುಡಿಯುವವನು ತನ್ನ ರಾಜ್ಯದ ಹೆಸರಿನ ತಂಡವನ್ನು ತವರಿನಲ್ಲಿ ಕಾಣಬೇಕಾದರೂ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಪಯಣಿಸಬೇಕಾಗಿತ್ತು.

ಇಷ್ಟಾದರೂ ತಂಡದ ಏಳಿಗೆ ಬೆರಗುಗೊಳಿಸುವಂತಹದು. ಮೊದಲ ಮೂರು ಪಂದ್ಯಗಳನ್ನೂ ಗೆದ್ದು, ಹದಿನಾಲ್ಕರಲ್ಲಿ ಒಂಬತ್ತು ಜಯಗಳೊಡನೆ 18 ಅಂಕ ಗಳಿಸಿ, ಅದು ಪಟ್ಟಿಯ ಅಗ್ರಸ್ಥಾನವನ್ನೇರಿತು. ಅದರ ದುರ್ದೆಸೆಗೆ ನಿಮಿತ್ತವಾದುದು ಬೆಂಗಳೂರು. 2016ರ ಮೇ 14ರಂದು ಅಲ್ಲಿ ವಿರಾಟ್ ಕೊಹ್ಲಿ ಮತ್ತು ಡಿ ವಿಲಿಯರ್ಸ್ ಇಬ್ಬರೂ ಶತಕ ಬಾರಿಸಲು, ತಂಡವು 144 ಓಟಗಳಿಂದ ಸೋತಿತು. ಹತ್ತು ದಿನಗಳ ತರುವಾಯ ಅದೇ ಅಂಗಣದಲ್ಲಿ ಬೆಂಗಳೂರಿನ ಐದು ವಿಕೆಟ್ಟುಗಳನ್ನು ಕೇವಲ 29 ಓಟಗಳಿಗೆ ಉರುಳಿಸಿದರೂ, ಡಿ ವಿಲಿಯರ್ಸ್ ಔಟಾಗದೆ 79 ಹೊಡೆದು ಗೆಲುವನ್ನು ಕಸಿದುಕೊಂಡರು. ಮೇ 27ರಂದು ದೆಹಲಿಯಲ್ಲಿ ಹೈದರಾಬಾದಿನ ವಾರ್ನರ್ ಅವರ 93 ಓಟಗಳು ಉಳಿದ ಆಸೆಯನ್ನೂ ಮುಗಿಸಿದವು. 2017ರಲ್ಲಿ ಬ್ರಾವೊ ಗಾಯದಿಂದ ಆಡಲಾಗಲಿಲ್ಲ. ಏಪ್ರಿಲ್ 14ರಂದು ರಾಜಕೋಟೆಯಲ್ಲಿ ಹ್ಯಾಟ್ರಿಕ್ ಸಾಧಿಸಿದ ಆಂಡ್ರ್ಯೂ ಟೈ ಕೂಡ ಅನಂತರ ಗಾಯಗೊಂಡರು. ಕೇವಲ ನಾಲ್ಕು ಜಯಗಳೊಡನೆ ತಂಡವು ಏಳನೆಯ ಸ್ಥಾನಕ್ಕಿಳಿಯಿತು.

ಆದರೆ ಈ ಸೋಲೇ ಅಳಿವಿಗೆ ಕಾರಣವೆಂದು ತಿಳಿಯಲಾಗದು. ಪುಣೆಯ ತಂಡವು ಅದೇ ವರ್ಷ ಅಂತಿಮ ಪಂದ್ಯವನ್ನು ಮುಟ್ಟಿ, ಮುಂಬಯಿಗೆ ಒಂದೇ ಒಂದು ಓಟದಿಂದ ಸೋತಿತು. ಅದಕ್ಕೂ ಇದೇ ಗತಿಯಾಯಿತು. ಅಮಾನತಿನ ಅವಧಿ ತೀರಿ ಹಳೆಯ ತಂಡಗಳು ಮರಳಿದವು. ರೈನಾ, ಜಡೇಜಾ, ಬ್ರಾವೊ ಚೆನ್ನೈಗೆ ಹಿಂತಿರುಗಿದರು. ದೊಡ್ಡವರಿಗೆ ಬೇರೆ ಮನೆಯಿತ್ತು, ಚಿಕ್ಕವರ ಪಾಡು ಬೇರೆ. ಹುಬ್ಬಳ್ಳಿ ಟೈಗರ್ಸ್ ತಂಡದಲ್ಲಿ ಆಡಿ ಗಮನ ಸೆಳೆದು, ವಿಚಿತ್ರ ಶೈಲಿಯ ಎಡಗೈ ಸ್ಪಿನ್ ಬೌಲಿಂಗಿನಿಂದ ಲಯನ್ಸ್ ತಂಡವನ್ನು ಸೇರಿದ್ದ ಕರ್ನಾಟಕದ ಶಿವಿಲ್ ಕೌಶಿಕ್ ಅವರ ಐಪಿಎಲ್ ಆಟವು ತಂಡದೊಡನೆಯೇ ನಿಂತಿತು.

ಒಡೆಯನ ಅವಸ್ಥೆಯನ್ನು ಅವಲಂಬಿಸಿದ ತಂಡದ ಬಾಳು ಎಲ್ಲೆಡೆಯೂ ಹೀಗೆಯೇ. ದಕ್ಷಿಣ ಕೊರಿಯದ ಬೇಸ್‌ಬಾಲ್ ಆಟದಲ್ಲಿ 1998ರಿಂದ 2004ರೊಳಗೆ ನಾಲ್ಕು ಸಲ ಪ್ರಶಸ್ತಿ ಗೆದ್ದ ಹ್ಯುಂಡೈ ಯೂನಿಕಾರ್ನ್ಸ್ ತಂಡವೂ, ಒಡೆತನದ ಕಂಪೆನಿಯ ಹಣಕಾಸು ಕೆಟ್ಟುದರಿಂದ, 2007ರ ಋತುವಿನ ಬಳಿಕ ಇಲ್ಲವಾಯಿತು. ಇದಕ್ಕೆ ಪ್ರತಿಯಾಗಿ ಶಾಶ್ವತ ಹಕ್ಕಿನ ಬಲವನ್ನು ಗುಜರಾತ್ ಟೈಟನ್ಸ್ ತಂಡದಲ್ಲಿ ಕಾಣಬಹುದು. 2021ರಲ್ಲಿ 5,625 ಕೋಟಿ ರೂಪಾಯಿಗೆ ಮಾರಾಟವಾದ ಆ ತಂಡವು, ವಡೋದರದ ಹಾರ್ದಿಕ್ ಪಾಂಡ್ಯ ಅವರ ನಾಯಕತ್ವದಲ್ಲಿ 2022ರಲ್ಲಿ ಮೊಟೇರಾದಲ್ಲಿಯೇ ಪ್ರಶಸ್ತಿ ಪಡೆಯಿತು. 2025ರಲ್ಲಿ ಅದರ ಬಹುಪಾಲು ಒಡೆತನವು ಅಹಮದಾಬಾದಿನ ಟೊರೆಂಟ್ ಸಮೂಹಕ್ಕೆ ಕೈಬದಲಾಯಿತು. ಆದರೆ ತಂಡವು ಅಳಿಯಲಿಲ್ಲ.

ಲಯನ್ಸ್ ತಂಡದ ಎರಡು ಋತುಗಳ ನಡುವೆ, 2017ರ ಜನವರಿಯಲ್ಲಿ, ಇಂದೂರಿನಲ್ಲಿ ಮತ್ತೊಂದು ಘಟನೆ ನಡೆಯಿತು. ಪಾರ್ಥಿವ್ ಪಟೇಲರ ನಾಯಕತ್ವದ ಗುಜರಾತ್ ತಂಡವು ಮುಂಬಯಿಯನ್ನು ಸೋಲಿಸಿ ಮೊತ್ತಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಅದರ ಹಿಂದಿನ ಅಂತಿಮ ಪಂದ್ಯವು 1950–51ರಲ್ಲಿ, ಅದೇ ಇಂದೂರಿನಲ್ಲಿ, ಹೋಳ್ಕರ್ ತಂಡದೆದುರು ಸೋಲಿನಲ್ಲಿ ಮುಗಿದಿತ್ತು. ಆ ತಂಡವು ಸೋತೂ ಅರುವತ್ತಾರು ವರ್ಷ ಕಾದುಕೊಂಡಿತು; ಲಯನ್ಸ್ ತಂಡಕ್ಕೆ ಸೋತು ಕಲಿಯುವಷ್ಟು ಕಾಲವೇ ಇರಲಿಲ್ಲ. ಪಟ್ಟಿಯ ತುದಿಗೇರುವ ಶಕ್ತಿಯನ್ನು ಹಣ ಕೊಟ್ಟು ತರಬಹುದು. ಮುಂದಿನ ವರ್ಷವೂ ಇರುವೆವೆಂಬ ಭರವಸೆಯನ್ನು ಎರಡು ವರ್ಷದ ಗುತ್ತಿಗೆಯು ಕೊಡಲಾರದು.