ಎಂ. ಕೆ. ಮಣಿ: ಮೂತ್ರಪಿಂಡ ತಜ್ಞರೊಬ್ಬರ ಬರಹ ಮತ್ತು ಉಲ್ಲೇಖದ ಲೆಕ್ಕ

ಮುಂಬಯಿಯ ಜಸ್ಲೋಕ್ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಅನಂತರ ಚೆನ್ನೈನ ಅಪೋಲೊ ಆಸ್ಪತ್ರೆಯ ಮೂತ್ರಪಿಂಡ ವಿಭಾಗವನ್ನು ಮುನ್ನಡೆಸಿದ, 1991ರಲ್ಲಿ ಪದ್ಮಭೂಷಣ ಪಡೆದ ಡಾ. ಎಂ. ಕೆ. ಮಣಿ ಅವರ ಹೆಸರನ್ನು ರೋಗಿಗಳು ಚಿಕಿತ್ಸೆಗಾಗಿ ನೆನೆದರೆ, ವೈದ್ಯಲೋಕ ಅವರ ಬರಹಗಳಿಗಾಗಿಯೂ ನೆನೆಯುತ್ತದೆ. ಆ ಬರಹಗಳ ತೂಕವನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆ, ವಿದ್ವಾಂಸರನ್ನೆಲ್ಲ ಅಂಕಿಗಳಲ್ಲಿ ಗುರುತಿಸುವ ಇಂದಿನ ದಿನಗಳಲ್ಲಿ, ಅವರೊಬ್ಬರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳಿದ್ದು, ಅವುಗಳಿಗೆ ನೆಫ್ರಾನ್ ಎಂದು ಹೆಸರು. ಮಧುಮೇಹ ಮತ್ತು ರಕ್ತದೊತ್ತಡಗಳು ಇವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಹಾಳುಮಾಡುತ್ತ ಹೋಗುವುದರಿಂದ, ಬಹಳಷ್ಟು ರೋಗಿಗಳು ವೈದ್ಯರ ಬಳಿ ಬರುವ ಹೊತ್ತಿಗೆ ಉಳಿದಿರುವ ದಾರಿ ಎರಡೇ: ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿಸಲವೂ ನಾಲ್ಕು ಗಂಟೆಯಷ್ಟು ಕಾಲ ಯಂತ್ರದ ಮೂಲಕ ರಕ್ತವನ್ನು ಶುದ್ಧಗೊಳಿಸುವ ಡಯಾಲಿಸಿಸ್, ಇಲ್ಲವೆ ಮೂತ್ರಪಿಂಡದ ಕಸಿ. ಕಸಿಯಾದ ಮೇಲೂ ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಔಷಧಿಯನ್ನು ತೆಗೆದುಕೊಳ್ಳುತ್ತಲೇ ಇರಬೇಕು. ಬಡ ಕುಟುಂಬವೊಂದು ಈ ಎರಡರಲ್ಲಿ ಯಾವುದನ್ನೂ ಬಹುಕಾಲ ಭರಿಸಲಾರದು ಎಂಬ ಕಠೋರ ಸತ್ಯದಿಂದ ಮಣಿಯವರ ಪ್ರಮುಖ ಸಂಶೋಧನೆ ಹುಟ್ಟಿತು. ಚಿಕಿತ್ಸೆ ಕೈಗೆಟುಕದಿದ್ದರೆ ರೋಗವನ್ನೇ ತಡೆಯಬೇಕು ಎಂಬುದು ಅದರ ಮೂಲ ವಾದ.

ಅವರು ಸ್ಥಾಪಿಸಿದ ಕಿಡ್ನಿ ಹೆಲ್ಪ್ ಟ್ರಸ್ಟ್ ಚೆನ್ನೈಗೆ ಹತ್ತಿರದ ಹಳ್ಳಿಗಳಲ್ಲಿ ಸುಮಾರು 25,000 ಜನರ ಸಮುದಾಯವೊಂದನ್ನು ಆರಿಸಿಕೊಂಡಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಕೆಲವು ಸರಳ ಪ್ರಶ್ನೆಗಳನ್ನು ಕೇಳಿ, ರಕ್ತದೊತ್ತಡ ಅಳೆದು, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬುದನ್ನು ಸಲ್ಫೋಸ್ಯಾಲಿಸಿಲಿಕ್ ಆಮ್ಲದಿಂದಲೂ, ಸಕ್ಕರೆ ಇದೆಯೇ ಎಂಬುದನ್ನು ಹಳೆಯ ಬೆನೆಡಿಕ್ಟ್ ದ್ರಾವಣದಿಂದಲೂ ಪರೀಕ್ಷಿಸುತ್ತಿದ್ದರು. ದೋಷ ಕಂಡುಬಂದವರನ್ನು ಮಾತ್ರ ವೈದ್ಯರು ನೋಡುತ್ತಿದ್ದರು. ಔಷಧಿಗಳ ಆಯ್ಕೆಯಲ್ಲಿಯೂ ವೆಚ್ಚವನ್ನು ಹಿಡಿತದಲ್ಲಿಡುವ ಇದೇ ವಿವೇಕವಿತ್ತು: ರಕ್ತದೊತ್ತಡಕ್ಕೆ ರೆಸರ್ಪಿನ್, ಹೈಡ್ರೋಕ್ಲೋರೋಥಯಾಜೈಡ್, ಹೈಡ್ರಾಲಜಿನ್, ಮಧುಮೇಹಕ್ಕೆ ಗ್ಲಿಬೆನ್‌ಕ್ಲಮೈಡ್ ಮತ್ತು ಮೆಟ್‌ಫಾರ್ಮಿನ್. ಇವೆಲ್ಲ ಹಳೆಯವು, ಅಗ್ಗದವು. ಇವುಗಳಲ್ಲಿ ರೆಸರ್ಪಿನ್ ಸರ್ಪಗಂಧದ ಬೇರಿನಲ್ಲಿ ದೊರೆತ ವಸ್ತುವಾಗಿದ್ದು, ಆ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿ ಜಗತ್ತಿನ ಗಮನಕ್ಕೆ ತಂದವರೂ ಮುಂಬಯಿಯ ಒಬ್ಬ ವೈದ್ಯರೇ, ರುಸ್ತುಂ ಜಾಲ್ ವಕೀಲ್. ಹಳ್ಳಿಗಳ ಈ ಪ್ರಯೋಗದ ವಿವರಗಳನ್ನು ಮಣಿಯವರು ಮೂತ್ರಪಿಂಡಶಾಸ್ತ್ರದ ಅಂತರರಾಷ್ಟ್ರೀಯ ಪತ್ರಿಕೆಯಾದ ಕಿಡ್ನಿ ಇಂಟರ್‌ನ್ಯಾಷನಲ್‌ನ ಪುರವಣಿಗಳಲ್ಲಿ 2003 ಮತ್ತು 2005ರಲ್ಲಿ ಪ್ರಕಟಿಸಿದರು. ಶ್ರೀಮಂತ ದೇಶಗಳಲ್ಲಿ ರೂಪುಗೊಂಡ ಚಿಕಿತ್ಸಾಕ್ರಮವನ್ನು ಹಾಗೆಯೇ ಇಲ್ಲಿಗೆ ತಂದು ಹೇರದೆ, ಇಲ್ಲಿನ ಜೇಬಿಗೆ ಹೊಂದುವ ಕ್ರಮವನ್ನು ಶಾಸ್ತ್ರೀಯ ಶಿಸ್ತಿನಿಂದ ಪರೀಕ್ಷಿಸಿದ್ದು ಈ ಲೇಖನಗಳ ನಿಜವಾದ ಹಿರಿಮೆ.

ಇಂಥ ಲೇಖನಗಳ ತೂಕವನ್ನು ಅಳೆಯಲು ಇಂದು ಹೆಚ್ಚಾಗಿ ಬಳಸುವುದು ಉಲ್ಲೇಖಗಳ ಎಣಿಕೆಯನ್ನು. ಒಂದು ಪ್ರಬಂಧವನ್ನು ಅನಂತರದ ಸಂಶೋಧಕರು ತಮ್ಮ ಪ್ರಬಂಧದಲ್ಲಿ ಆಧಾರವಾಗಿ ಹೆಸರಿಸುವುದಕ್ಕೆ ಉಲ್ಲೇಖ ಎನ್ನುತ್ತಾರೆ. ಇಂಥ ಉಲ್ಲೇಖಗಳ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಕಲ್ಪಿಸಿ, 1964ರಲ್ಲಿ ಪ್ರಕಟಣೆಗೆ ತಂದರು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹರ್ಷ್ ಸೂಚಿಸಿದ ಎಚ್-ಸೂಚ್ಯಂಕ ಇನ್ನೂ ಸಂಕ್ಷಿಪ್ತವಾದುದು: ಒಬ್ಬರ ಪ್ರಬಂಧಗಳಲ್ಲಿ 20 ಪ್ರಬಂಧಗಳು ತಲಾ ಕನಿಷ್ಠ 20 ಉಲ್ಲೇಖಗಳನ್ನು ಪಡೆದಿದ್ದು, 21ಕ್ಕೆ ಅದೇ ಮಾತು ಹೇಳಲು ಬಾರದಿದ್ದರೆ ಅವರ ಸೂಚ್ಯಂಕ 20. 

ಉಲ್ಲೇಖದ ಎಣಿಕೆ ಉಪಯುಕ್ತವೇ ಸರಿ, ಆದರೆ ಅದು ಅಳೆಯುವುದು ಒಂದು ಬರಹವು ಇತರ ಬರಹಗಾರರಿಗೆ ಎಷ್ಟು ಬೇಕಾಯಿತು ಎಂಬುದನ್ನು. ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣದಿಂದ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಂದಾಜಿಸುವ ಹೊಸ ಸೂತ್ರವೊಂದನ್ನು 2009ರಲ್ಲಿ ಆಂಡ್ರ್ಯೂ ಲೀವಿ ಮತ್ತು ಸಂಗಡಿಗರು ಪ್ರಕಟಿಸಿದಾಗ, ಆ ಲೆಕ್ಕವನ್ನು ಬಳಸುವ ಸಂಶೋಧಕರೆಲ್ಲ ಅದನ್ನು ಹೆಸರಿಸಬೇಕಾಗಿ ಬಂದು, ಉಲ್ಲೇಖಗಳ ಸಂಖ್ಯೆ 10,000ವನ್ನು ಮೀರಿ ಬೆಳೆಯಿತು. ಆದರೆ ಬೆನೆಡಿಕ್ಟ್ ದ್ರಾವಣ ಹಿಡಿದು ಮನೆಮನೆಗೆ ಹೋಗುವ ಕಾರ್ಯಕರ್ತೆ ಪ್ರಬಂಧ ಬರೆಯುವವಳಲ್ಲ. ಅವಳು ಮಣಿಯವರ ವಿಧಾನವನ್ನು ಎಷ್ಟು ಬಾರಿ ಬಳಸಿದರೂ ಯಾವ ಸೂಚಿಯಲ್ಲಿಯೂ ಅದು ದಾಖಲಾಗದು. ಆದುದರಿಂದ ಇಂಥ ವಿದ್ವಾಂಸರ ವಿಷಯದಲ್ಲಿ ಉಲ್ಲೇಖ ಎಷ್ಟು ಎನ್ನುವುದಕ್ಕಿಂತ ಯಾರು, ಯಾವ ಕೆಲಸಕ್ಕಾಗಿ ಉಲ್ಲೇಖಿಸಿದರು ಎಂದು ಕೇಳುವುದು ಹೆಚ್ಚು ನ್ಯಾಯ. ಚೆನ್ನೈನಲ್ಲಿಯೇ ನೆಲೆಸಿದ್ದ ಮಾಹಿತಿ ವಿಜ್ಞಾನಿ ಸುಬ್ಬಯ್ಯ ಅರುಣಾಚಲಂ 2002ರಲ್ಲಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ, ಭಾರತ ಮತ್ತು ಚೀನಾಗಳ ಮಧುಮೇಹ ಸಂಶೋಧನೆಯ ನಕ್ಷೆ ಬಿಡಿಸಿ ಅದನ್ನು ಆರೋಗ್ಯ ನೀತಿಗೆ ಜೋಡಿಸಲು ಯತ್ನಿಸಿದ್ದು ಈ ದಿಕ್ಕಿನ ಒಳ್ಳೆಯ ಮಾದರಿ.

ಮಣಿಯವರ ಬರಹದ ಇನ್ನೊಂದು ಪಾಲು ಎಣಿಕೆಯಿಂದ ಮತ್ತಷ್ಟು ದೂರ. ಹಣಕ್ಕಾಗಿ ಮೂತ್ರಪಿಂಡ ಮಾರುವ ವ್ಯವಹಾರ ದೇಶದಲ್ಲಿ ನಡೆಯುತ್ತಿದ್ದ ದಿನಗಳಲ್ಲಿ, 1994ರ ಅಂಗಾಂಗ ಕಸಿ ಕಾಯ್ದೆ ಅದನ್ನು ನಿಷೇಧಿಸುವ ಮೊದಲೇ, ಸಂಬಂಧಿಗಳಲ್ಲದ ಜೀವಂತ ದಾನಿಗಳಿಂದ ಅಂಗ ಪಡೆಯುವುದರ ವಿರುದ್ಧ ಅವರು ವಾದಿಸಿದ್ದು ಗ್ರಂಥವೊಂದರ ಅಧ್ಯಾಯವಾಗಿ. ಪತ್ರಿಕೆಗಳನ್ನೇ ಮುಖ್ಯವಾಗಿ ಎಣಿಸುವ ಸೂಚಿಗಳು ಇಂಥ ಅಧ್ಯಾಯಗಳನ್ನು ಹಲವು ಬಾರಿ ಹಿಡಿಯುವುದೇ ಇಲ್ಲ. ದಿ ನ್ಯಾಷನಲ್ ಮೆಡಿಕಲ್ ಜರ್ನಲ್ ಆಫ್ ಇಂಡಿಯಾದಲ್ಲಿ ಅವರು ದೀರ್ಘಕಾಲ ಬರೆದ ‘ಚೆನ್ನೈನಿಂದ ಪತ್ರ’ ಅಂಕಣವು ವೃತ್ತಿಯ ನೀತಿ ಮತ್ತು ಆರೋಗ್ಯ ವ್ಯವಸ್ಥೆಯ ಕುರಿತು ಸಹೋದ್ಯೋಗಿಗಳೊಂದಿಗೆ ನಿರ್ಭಿಡೆಯಿಂದ ಮಾತನಾಡುತ್ತಿದ್ದು, ಅವರ ಪ್ರಬಂಧಗಳನ್ನು ಓದಿದವರು ಜೊತೆಗೆ ಓದಲೇಬೇಕಾದ ಬರವಣಿಗೆಯಾಗಿದೆ.