ಹಳೇ ಆಫೀಸ್ ಲ್ಯಾಪ್‌ಟಾಪ್ ತಗೊಂಡ್ರಾ? ಮೊದಲು ಇದನ್ನ ಆಫ್ ಮಾಡಿ

ಬೊಮ್ಮನಹಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್ ತಗೊಂಡ್ರಾ? ಇಂಟೆಲ್ ವೀ-ಪ್ರೊ ಸ್ಟಿಕ್ಕರ್ ಇದೆಯಾ ನೋಡಿ.

ಇದ್ರೆ ಒಳಗೆ ಎಎಂಟಿ ಇರಬಹುದು. ಕಂಪನಿಯ ಐಟಿಯವರು ದೂರದಿಂದಲೇ ಕಂಪ್ಯೂಟರ್ ಆನ್ ಮಾಡೋಕೆ, ಸ್ಕ್ರೀನ್ ನೋಡೋಕೆ ಬಳಸೋ ವ್ಯವಸ್ಥೆ ಇದು. ಇರೋದು ಮದರ್‌ಬೋರ್ಡ್‌ನಲ್ಲಿ, ಹಾಗಾಗಿ ವಿಂಡೋಸ್ ಹೊಸದಾಗಿ ಹಾಕಿದ್ರೂ ಹೋಗಲ್ಲ.

2017ರ ಮೇನಲ್ಲಿ, ಪಾಸ್‌ವರ್ಡ್ ಗೊತ್ತಿಲ್ಲದೇ ಒಳಗೆ ನುಗ್ಗಬಹುದಾದ ದೋಷ ಇದರಲ್ಲಿ ಬಯಲಾಯ್ತು.

ಅದಕ್ಕೇ, ಲ್ಯಾಪ್‌ಟಾಪ್ ಆನ್ ಮಾಡ್ತಿದ್ದ ಹಾಗೇ ಎಫ್1, ಎಫ್2 ಅಥವಾ ಎಫ್10 ಒತ್ತಿ, ಬಯಾಸ್‌ಗೆ (ವಿಂಡೋಸ್‌ಗೂ ಮುಂಚಿನ ಸೆಟ್ಟಿಂಗ್ಸ್ ಪರದೆಗೆ) ಹೋಗಿ. ಇಂಟೆಲ್ ಎಎಂಟಿ ಹುಡುಕಿ, ಡಿಸೇಬಲ್ ಮಾಡಿ, ಸೇವ್ ಮಾಡಿ. ಬಯಾಸ್ ಪಾಸ್‌ವರ್ಡ್ ಕೇಳಿದ್ರೆ ಮಾರಿದವರ ಹತ್ರಾನೇ ತೆಗೆಸಿ. ಆ ದೋಷ ಮುಚ್ಚೋಕೆ ಬಯಾಸ್ ಅಪ್‌ಡೇಟ್ ಕೂಡ ಹಾಕಿ.

ಎಎಂಟಿಯನ್ನ ನಡೆಸೋ ಮ್ಯಾನೇಜ್‌ಮೆಂಟ್ ಎಂಜಿನ್ ಅನ್ನೋದನ್ನ ಪೂರ್ತಿ ಅಳಿಸೋಕೆ ಮಾತ್ರ ಹೋಗಬೇಡಿ. ಅಳಿಸಿದ್ರೆ ಹಲವು ಮಾಡೆಲ್‌ಗಳು 30 ನಿಮಿಷಕ್ಕೆ ತಾವೇ ಆಫ್ ಆಗುತ್ತವೆ.

ದುಡ್ಡು ಕೊಟ್ಟವರು ನೀವು, ಹಿಡಿತವೂ ನಿಮ್ಮದೇ ಇರಲಿ.