ಮರಕ್ಕೆ ಯಾವ ಅಂಟು?

ನಮ್ಮ ತಾಯಿಯವರು ಸ್ನಾನಕ್ಕೆ ಕೂರುವ ಮರದ ಸ್ಟೂಲಿನ ಕಾಲು ಒಮ್ಮೆ ಅಲುಗಾಡತೊಡಗಿತು. ಮನೆಯಲ್ಲಿದ್ದ ಬಿಳಿ ಅಂಟನ್ನು ಹಚ್ಚಿ, ಹಗ್ಗ ಬಿಗಿದು, ಒಂದು ದಿನ ಒಣಗಲು ಬಿಟ್ಟೆ. ಕಾಲು ಕಲ್ಲಿನಂತೆ ಕೂತಿತು. ರಸಾಯನಶಾಸ್ತ್ರ ಓದಿದವನೆಂಬ ಹೆಮ್ಮೆಯೂ ಇತ್ತೆನ್ನಿ. ಮೂರೇ ತಿಂಗಳಲ್ಲಿ ಅದು ಮತ್ತೆ ಕಳಚಿತು. ತಾಯಿಯವರು ಗೋಡೆ ಹಿಡಿದುಕೊಂಡಿದ್ದರಿಂದ ಅಪಾಯ ತಪ್ಪಿತು. ಅಂಟು ಕಳಪೆಯದಾಗಿರಲಿಲ್ಲ, ನಾನು ಅದನ್ನು ಬಳಸಿದ ಜಾಗ ತಪ್ಪಾಗಿತ್ತು.

ಬಿಳಿ ಅಂಟಿನಲ್ಲಿ ಪಾಲಿವಿನೈಲ್ ಅಸಿಟೇಟ್ ಎಂಬ ವಸ್ತುವಿನ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಮರ ಆ ನೀರನ್ನು ಹೀರಿಕೊಂಡಂತೆ ಕಣಗಳು ಒಂದಕ್ಕೊಂದು ಕೂಡಿ ಗಟ್ಟಿ ಪದರವಾಗುತ್ತವೆ. ಒಣ ಕೋಣೆಯ ಕುರ್ಚಿ, ಮೇಜು, ಪುಸ್ತಕದ ಕಪಾಟಿಗೆ ಇದು ಧಾರಾಳ ಸಾಕು. ಚೆನ್ನಾಗಿ ಹಿಡಿದರೆ ಮರವೇ ಸೀಳಬಹುದು, ಅಂಟು ಬಿಡದು. ಆದರೆ ಪದೇ ಪದೇ ನೆನೆದರೆ ಸಾಮಾನ್ಯ ಬಿಳಿ ಅಂಟಿನ ಪದರ ಮೆತ್ತಗಾಗುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ನೀರು ತಗಲುತ್ತದೆಯೇ? ಅಡುಗೆಮನೆಯಂತೆ ಆಗಾಗ ತೇವವಾಗುವ ಜಾಗಕ್ಕೆ ನೀರು ತಡೆಯುವ ಬಿಳಿ ಅಂಟನ್ನೇ ಕೇಳಿ. ಯುರೋಪಿನ ಮಾನದಂಡದಲ್ಲಿ ಇದರ ದರ್ಜೆ ‘ಡಿ-3’. ಇನ್ನೂ ಹೆಚ್ಚು ನೀರು ತಡೆಯುವುದು ‘ಡಿ-4’. ಡಬ್ಬಿಯ ಮೇಲೆ ಈ ಗುರುತಿದೆಯೇ ನೋಡಿ.

ಎರಡು, ಸಂದು ಇದೆಯೇ? ಬಿಳಿ ಅಂಟಿನ ನೀರು ಹೋದ ಮೇಲೆ ಅದು ಕುಗ್ಗುತ್ತದೆ, ಸಂದನ್ನು ತುಂಬಲಾರದು. ಸವೆದು ಸಡಿಲವಾದ ಕೀಲಿಗೆ ಎರಡು ಟ್ಯೂಬಿನಿಂದ ಬೆರೆಸುವ ಎಪಾಕ್ಸಿ ಸೂಕ್ತ. ಅದು ಆರಿ ಗಟ್ಟಿಯಾಗುವುದಲ್ಲ, ಎರಡೂ ಭಾಗಗಳ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದು. ಹಾಗಾಗಿ ಹೆಚ್ಚು ಕುಗ್ಗದು, ನೀರಿಗೂ ಸುಲಭವಾಗಿ ಜಗ್ಗದು. ಬೆರೆಸುವ ಪ್ರಮಾಣ ತಪ್ಪಬಾರದು. ಚರ್ಮಕ್ಕೆ ತಗಲದಂತೆ ಕೈಗವಸು ಹಾಕಿಕೊಳ್ಳಿ.

ಮೂರು, ಮರಕ್ಕೆ ಏನನ್ನು ಅಂಟಿಸುತ್ತೀರಿ? ಮೇಜಿನ ಮೇಲೆ ಸನ್‌ಮೈಕಾ ಹಾಳೆ ಕೂರಿಸಲು ರಬ್ಬರ್ ಮೂಲದ ಅಂಟು ಅನುಕೂಲ. ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಒಮ್ಮೆ ಕೂತರೆ ಸರಿಸಲಾಗದು. ಇದರ ಆವಿಗೆ ಬೆಂಕಿ ಬೇಗ ಹೊತ್ತುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ಒಲೆ ಉರಿಯದಿರಲಿ. ಕುರ್ಚಿಯ ಕಾಲಿಗೆ ಮಾತ್ರ ಇದು ಬೇಡ. ಸದಾ ಭಾರ ಬಿದ್ದರೆ ಮೆಲ್ಲಗೆ ಜರುಗುತ್ತದೆ.

ಯಾವ ಅಂಟನ್ನೇ ಆರಿಸಿ, ಸಿದ್ಧತೆ ಸರಿಯಿಲ್ಲದಿದ್ದರೆ ಫಲವಿಲ್ಲ. ಹಳೆಯ ಅಂಟಿನ ಮೇಲೆ ಹೊಸದು ಸರಿಯಾಗಿ ಹಿಡಿಯದು. ಮರ ಕಾಣುವವರೆಗೆ ಕೆರೆಯಿರಿ. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ, ಉಜ್ಜಿ ಒರೆಸಿದ ಕೂಡಲೇ ಅಂಟು ಹಚ್ಚಿ. ಬಿಗಿಯುವಾಗ ಅಂಚಿನಲ್ಲಿ ಅಂಟಿನ ಸಣ್ಣ ಎಳೆ ಹೊರಬಂದರೆ ಸಾಕು. ವಿಪರೀತ ಬಿಗಿದರೆ ಒಳಗೆ ಅಂಟೇ ಉಳಿಯದು. ಭಾರ ಹಾಕುವ ಮೊದಲು 24 ಗಂಟೆ ಕಾಯುವುದು ಕ್ಷೇಮ.

ಕೊನೆಗೆ ಆ ಸ್ಟೂಲನ್ನು ಪೂರ್ತಿ ಒಣಗಿಸಿ, ಹಳೆಯ ಅಂಟನ್ನು ಉಳಿಯಿಂದ ಕೆರೆದು ಎಪಾಕ್ಸಿ ಹಾಕಿದೆ. ಮರುದಿನ ತಾಯಿಯವರಿಗಿಂತ ಮೊದಲು ನಾನೇ ಅದರ ಮೇಲೆ ಕೂತು ನೋಡಿದೆ. ನೀವೂ ಹಾಗೆಯೇ ಮಾಡಿ.